ತುರುಬಿನ ರಾಣಿ, ಮುಸುಕಿನ ರಾಣಿ: ಹಳೆಯ ಪೆನ್ನಿ ನೋಡುತ್ತಾ ಕನ್ನಡದಲ್ಲಿ ವಾದ ಮಾಡೋಣ

ಬ್ರಿಟನ್ನಿನಲ್ಲಿ ಮನೆ ಮಾಡಿರುವ ನೀವು ಚಾರಿಟಿ ಅಂಗಡಿಯಲ್ಲೋ, ಭಾನುವಾರದ ಕಾರ್ ಬೂಟ್ ಸೇಲ್‌ನಲ್ಲೋ ಒಂದು ಬಿಸ್ಕತ್ತಿನ ಡಬ್ಬಿ ನೋಡಿಯೇ ಇರುತ್ತೀರಿ. ಒಳಗೆ ಕಂದು ಬಣ್ಣದ ದೊಡ್ಡ ದೊಡ್ಡ ನಾಣ್ಯಗಳು. ಕೆಲವು ಕಾಫಿ ಬಣ್ಣ, ಕೆಲವು ಕಪ್ಪು, ಕೆಲವಕ್ಕೆ ಹಸಿರು ಕಿಲುಬು. ಇವತ್ತಿನ ಎರಡು ಪೆನ್ಸ್ ನಾಣ್ಯಕ್ಕಿಂತ ಅಗಲ, ಕೈಯಲ್ಲಿ ಹಿಡಿದರೆ ಒಳ್ಳೆ ತೂಕ. ಇವೇ ಹಳೆಯ ಕಂಚಿನ ಪೆನ್ನಿಗಳು. 1860ರಿಂದ ಚಲಾವಣೆಯಲ್ಲಿದ್ದು 1971ರಲ್ಲಿ ನಿವೃತ್ತಿಯಾದವು. ಅಪರೂಪದವನ್ನು ಬಿಟ್ಟರೆ ಮಕ್ಕಳ ಪಾಕೆಟ್ ಮನಿಯಲ್ಲೇ ಸಿಗುವಂಥವು.

ಮಕ್ಕಳ ಕನ್ನಡದ ಬಗ್ಗೆ ಇರುವ ಪತ್ರಿಕೆಯಲ್ಲಿ ಪೆನ್ನಿಗೇನು ಕೆಲಸ ಅಂತ ಕೇಳಬಹುದು. ನಮ್ಮ ಮನೆಗಳಲ್ಲಿ ಮಕ್ಕಳು ಆಡುವ ಕನ್ನಡವನ್ನು ಒಮ್ಮೆ ಕಿವಿಗೊಟ್ಟು ಕೇಳಿ. 'ಹಸಿವು', 'ಬೇಡ', 'ಸಾಕು', 'ಬರ್ತೀನಿ', 'ಅಜ್ಜಿ ಹೇಗಿದ್ದೀರಾ'. ಅರ್ಥವಾಗುವುದು ಬಹಳ, ಆಡುವುದು ಕೊಂಚ. ಏಳೆಂಟು ವರ್ಷಕ್ಕೆ ಬರುವ ಹೊತ್ತಿಗೆ ಮಗುವಿನ ತಲೆಯಲ್ಲಿ ತರ್ಕ ಶುರುವಾಗಿರುತ್ತದೆ. ಯಾಕೆ, ಹೇಗೆ, ಹಾಗಿದ್ದರೆ, ಹಾಗಲ್ಲದಿದ್ದರೆ ಎಂಬ ಮಾತುಗಳೆಲ್ಲ ಶಾಲೆಯ ಇಂಗ್ಲಿಷಿಗೆ ಹೋಗುತ್ತವೆ. ಕನ್ನಡಕ್ಕೆ ಉಳಿಯುವುದು ಊಟ, ನಿದ್ದೆ, ಗದರಿಕೆ. ಯೋಚನೆಗೆ ಬೇಡವಾದ ಭಾಷೆಯನ್ನು ಹದಿಮೂರು ವರ್ಷದ ಮಗು ಕೈಬಿಟ್ಟರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಾಗಿ ಕನ್ನಡದಲ್ಲಿ ವಾದ ಮಾಡುವುದಕ್ಕೆ ಏನಾದರೊಂದು ವಿಷಯ ಬೇಕು. ಇಬ್ಬರೂ ಒಟ್ಟಿಗೆ ಬಗ್ಗಿ ನೋಡುವಂಥದ್ದು, ಸಣ್ಣ ಸಣ್ಣ ವ್ಯತ್ಯಾಸಕ್ಕೆ ಹೆಸರು ಕೊಡಬೇಕಾದದ್ದು, 'ಇಲ್ಲ, ನೀನು ಹೇಳಿದ್ದು ಸರಿಯಲ್ಲ' ಅಂತ ಮಗು ಪುರಾವೆ ಕೊಟ್ಟು ಹೇಳಬಹುದಾದದ್ದು. ಹಳೆಯ ಪೆನ್ನಿಯಲ್ಲಿ ಇವೆಲ್ಲ ಇವೆ. ಅದರ ಮೇಲೆ ಇರುವ ಒಂದೊಂದಕ್ಕೂ ಕನ್ನಡದಲ್ಲಿ ಪದವಿದೆ: ತುರುಬು, ಮುಸುಕು, ತ್ರಿಶೂಲ, ಗುರಾಣಿ, ಹಡಗು, ಅಂಚು, ಮಣಿ, ಹಲ್ಲು, ಗೆರೆ, ಸಂದಿ.

ಮೊದಲು ಮುಖ ನೋಡಿ

ಗುರುತಿಸುವ ಕೆಲಸ ಮುಖದಿಂದ ಶುರುವಾಗಲಿ. ಕಂಚಿನ ಪೆನ್ನಿಯ ಮೇಲೆ ಐದೇ ಜನ ಇದ್ದಾರೆ, ಒಬ್ಬರಿಗೆ ಮಾತ್ರ ಎರಡು ರೂಪ.

ತುರುಬಿನ ರಾಣಿ. 1860ರಿಂದ 1894ರವರೆಗಿನ ವಿಕ್ಟೋರಿಯಾ. ಕೂದಲನ್ನು ಹಿಂದಕ್ಕೆ ಸೇರಿಸಿ ಗಂಟು ಹಾಕಿದ್ದಾರೆ, ತಲೆಗೆ ಎಲೆಗಳ ದಂಡೆ, ಮುಖ ಎಡಕ್ಕೆ. ಇಂಗ್ಲಿಷಿನವರು ಇದನ್ನು ಬನ್ ಹೆಡ್ ಅನ್ನುತ್ತಾರೆ, ನಮಗೆ ತುರುಬು ಅಂದರೆ ಸಾಕು. ಕೆತ್ತಿದವರು ಲೆನಾರ್ಡ್ ಚಾರ್ಲ್ಸ್ ವಯನ್. 1894ರಲ್ಲಿ ರಾಣಿಗೆ 75 ವರ್ಷ, ಪೆನ್ನಿಯ ಮೇಲೆ ಮಾತ್ರ ಆಗಲೂ ಹರೆಯದ ಹೆಂಗಸು! ಮಕ್ಕಳಿಗೆ ಇದು ಬಹಳ ತಮಾಷೆ ಅನ್ನಿಸುತ್ತದೆ.

ಮುಸುಕಿನ ರಾಣಿ. 1895ರಿಂದ 1901. ಅದೇ ವಿಕ್ಟೋರಿಯಾ, ಈಗ ವಯಸ್ಸಾಗಿದೆ, ತಲೆಯ ಮೇಲೆ ಮುಸುಕು ಬಂದಿದೆ. ಚಿತ್ರ ಥಾಮಸ್ ಬ್ರಾಕ್ ಅವರದು.

ಗಡ್ಡದ ಬೋಳುತಲೆ ರಾಜ. ಏಳನೇ ಎಡ್ವರ್ಡ್, 1902ರಿಂದ 1910. ಮುಖ ಬಲಕ್ಕೆ. ಕೆತ್ತನೆ ಡಿ ಸಾಲ್ ಅವರದು.

ಗಡ್ಡ ಮೀಸೆಯ ಇನ್ನೊಬ್ಬ ರಾಜ. ಐದನೇ ಜಾರ್ಜ್, 1911ರಿಂದ 1936. ಮುಖ ಎಡಕ್ಕೆ. ಕಲಾವಿದ ಬರ್ಟ್ರಮ್ ಮೆಕೆನಲ್. ಅವರ ಹೆಸರಿನ ಮೊದಲಕ್ಷರಗಳು, ಬಿ ಮತ್ತು ಎಂ, ರಾಜನ ಕತ್ತಿನ ಕತ್ತರಿಸಿದ ಅಂಚಿನ ಮೇಲಿವೆ.

ಗಡ್ಡವಿಲ್ಲದ ರಾಜ. ಆರನೇ ಜಾರ್ಜ್. ಪೆನ್ನಿಗಳು 1937ರಿಂದ. ಮುಖ ಎಡಕ್ಕೆ. ಚಿತ್ರ ಹಂಫ್ರಿ ಪ್ಯಾಜೆಟ್ ಅವರದು.

ಎಳೆಯ ರಾಣಿ. ಎರಡನೇ ಎಲಿಜಬೆತ್. 1953ರಲ್ಲಿ ಒಮ್ಮೆ, ಆಮೇಲೆ 1961ರಿಂದ ಸಾಲಾಗಿ. ಮುಖ ಬಲಕ್ಕೆ. ಮೇರಿ ಗಿಲಿಕ್ ಕೆತ್ತಿದ್ದು.

ಹತ್ತು ನಾಣ್ಯ ಮೇಜಿನ ಮೇಲೆ ಹರಡಿ ಇಷ್ಟೇ ಕೇಳಿ: 'ಎಡಕ್ಕೆ ನೋಡ್ತಿರೋರು ಯಾರು, ಬಲಕ್ಕೆ ನೋಡ್ತಿರೋರು ಯಾರು?' ಎಡ ಬಲ ತಡವರಿಸುವ ಐದು ವರ್ಷದ ಮಗುವಿಗೂ ಇದು ಆಟ. ದೊಡ್ಡ ಮಗುವಿಗಾದರೆ ವರ್ಷದ ಭಾಗವನ್ನು ಬೆರಳಿನಿಂದ ಮುಚ್ಚಿ, ಮುಖ ಮಾತ್ರ ತೋರಿಸಿ ಯಾವ ಕಾಲದ್ದು ಅಂತ ಕೇಳಿ. 'ಸಾವಿರದ ಎಂಟುನೂರ ಎಪ್ಪತ್ತನಾಲ್ಕು' ಎಂದು ಬಾಯಿ ತುಂಬ ಕನ್ನಡದಲ್ಲಿ ಹೇಳಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಆಮೇಲೆ ತಿರುಗಿಸಿ

ಹಿಂಬದಿಯಲ್ಲಿ ಕುಳಿತಿರುವ ಹೆಂಗಸು ಬ್ರಿಟಾನಿಯಾ. ತಲೆಗೆ ಶಿರಸ್ತ್ರಾಣ, ಒಂದು ಕೈಯಲ್ಲಿ ತ್ರಿಶೂಲ, ಪಕ್ಕದಲ್ಲಿ ಗುರಾಣಿ. ನಮ್ಮ ಮಕ್ಕಳು ತ್ರಿಶೂಲ ನೋಡಿದ ಕೂಡಲೇ ಶಿವನ ಹೆಸರು ಹೇಳುತ್ತಾರೆ, ಹೇಳಲಿ. ಇದು ಸಮುದ್ರ ದೇವತೆಯ ಆಯುಧವೆಂದು ಗ್ರೀಕರು, ರೋಮನ್ನರು ನಂಬಿದ್ದು, ಸಮುದ್ರದ ಮೇಲಿನ ಅಧಿಕಾರದ ಗುರುತಾಗಿ ಬ್ರಿಟನ್ ಅದನ್ನು ತನ್ನ ಕೈಗೆ ತೆಗೆದುಕೊಂಡದ್ದು ಎಂದು ಮುಂದುವರಿಸಬಹುದು.

ತುರುಬಿನ ರಾಣಿಯ ಕಾಲದಲ್ಲಿ ಬ್ರಿಟಾನಿಯಾಳ ಎಡಕ್ಕೆ ದೀಪಸ್ತಂಭವಿದೆ, ಬಲಕ್ಕೆ ಹಡಗಿದೆ. 1895ರಲ್ಲಿ ಮುಸುಕಿನ ರಾಣಿ ಬಂದಾಗ ಎರಡೂ ಮಾಯ. 1937ರಲ್ಲಿ ದೀಪಸ್ತಂಭ ಮಾತ್ರ ಮರಳಿ ಬಂತು, ಹಡಗು ಬರಲೇ ಇಲ್ಲ. ಇಷ್ಟು ಗೊತ್ತಿದ್ದರೆ ಸವೆದು ಮುಖವೇ ಕಾಣದ ನಾಣ್ಯವನ್ನೂ ಮಗು ಒಂದು ಕಾಲಕ್ಕೆ ಸೇರಿಸಬಲ್ಲದು. ದೀಪವೂ ಇದೆ, ಹಡಗೂ ಇದೆ, ಹಾಗಿದ್ದರೆ ತುರುಬಿನ ರಾಣಿ. ದೀಪವಿದೆ, ಹಡಗಿಲ್ಲ, ಹಾಗಿದ್ದರೆ 1937ರ ನಂತರದ್ದು. ನಮಗೆ ಬೇಕಾಗಿದ್ದುದು ಈ 'ಹಾಗಿದ್ದರೆ' ತಾನೇ?

ಒಂದೇ ನಾಣ್ಯಕ್ಕೆ ಇಷ್ಟೊಂದು ಬಗೆ ಯಾಕೆ?

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನಪಿಸಿಕೊಳ್ಳಿ. ಮರದ ಅಚ್ಚಿನಲ್ಲಿ ಆನೆಯ ಸೊಂಡಿಲ ತುದಿ ಮುಕ್ಕಾಗಿದ್ದರೆ, ಅದರಲ್ಲಿ ಎರೆದ ಎಲ್ಲ ಸಕ್ಕರೆ ಆನೆಗಳಿಗೂ ಸೊಂಡಿಲು ಮೊಂಡು. ಪಕ್ಕದ ಮನೆಯವರ ಅಚ್ಚೂ ಆನೆಯದೇ, ಆದರೆ ಅಲ್ಲಿ ಕಿವಿ ಸ್ವಲ್ಪ ದೊಡ್ಡದು. ಸಕ್ಕರೆ ಆನೆ ನೋಡಿಯೇ ಯಾರ ಮನೆಯ ಅಚ್ಚು ಅಂತ ಹೇಳಬಹುದು.

ಪೆನ್ನಿಯದೂ ಇದೇ ಕಥೆ. ಟಂಕಸಾಲೆಯಲ್ಲಿ ಉಕ್ಕಿನ ಅಚ್ಚುಗಳ ನಡುವೆ ಕಂಚಿನ ಬಿಲ್ಲೆ ಇಟ್ಟು ಒತ್ತುತ್ತಾರೆ. ಅಚ್ಚು ಸವೆಯುತ್ತದೆ, ಬಿರುಕು ಬಿಡುತ್ತದೆ, ಹೊಸದು ಬರುತ್ತದೆ. ವಿಕ್ಟೋರಿಯಾ ಕಾಲದಲ್ಲಿ ವರ್ಷದ ಅಂಕಿಯನ್ನು ಅಚ್ಚಿನ ಮೇಲೆ ಕೈಯಿಂದ ಗುದ್ದಿ ಮೂಡಿಸುವ ರೂಢಿ ಇದ್ದುದರಿಂದ ಅಂಕಿಗಳ ನಡುವಿನ ಅಂತರ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಕೆಲವೊಮ್ಮೆ ಒಂದು ಅಂಕಿಯ ಮೇಲೆ ಇನ್ನೊಂದನ್ನು ಗುದ್ದಿದ್ದೂ ಉಂಟು. 1865ರ ಕೆಲವು ಪೆನ್ನಿಗಳಲ್ಲಿ 5ರ ಕೆಳಗೆ ಹಳೆಯ 3 ಇಣುಕುತ್ತದೆ.

ಇಂಥ ವ್ಯತ್ಯಾಸಗಳನ್ನು ಪಟ್ಟಿ ಮಾಡುವುದಕ್ಕೇ ಜೀವನದ ಬಹುಪಾಲು ಕಳೆದವರಿದ್ದಾರೆ. ಮೈಕೇಲ್ ಫ್ರೀಮನ್ ಅವರ ಪುಸ್ತಕದಲ್ಲಿ ಮುಖದ ಕಡೆಯ ಅಚ್ಚಿಗೆ ಅಂಕಿ, ಬ್ರಿಟಾನಿಯಾ ಕಡೆಯ ಅಚ್ಚಿಗೆ ಅಕ್ಷರ. ಎರಡನ್ನೂ ಕೂಡಿಸಿದರೆ ನಾಣ್ಯದ ಬಗೆ ತಿಳಿಯುತ್ತದೆ. ಎಷ್ಟು ಅಪರೂಪ ಎನ್ನುವುದಕ್ಕೆ 1ರಿಂದ 20ರವರೆಗಿನ ಅಳತೆಯೂ ಇದೆ, 1 ಅಂದರೆ ಎಲ್ಲೆಲ್ಲೂ ಸಿಗುವುದು. ಸಂಗ್ರಾಹಕರು 'ಫ್ರೀಮನ್ ನಂಬರ್ ಎಷ್ಟು?' ಅಂತ ಮಾತಾಡಿಕೊಳ್ಳುವುದು ಇದನ್ನೇ. ಮಗುವಿಗೆ ಈ ಪುಸ್ತಕ ಮೊದಲ ದಿನವೇ ಬೇಡ. ಮನೆಯಲ್ಲೇ ಒಂದು ನೋಟ್‌ಬುಕ್ ಮಾಡಿ, ಬಗೆಗಳಿಗೆ ನಿಮ್ಮದೇ ಕನ್ನಡ ಹೆಸರು ಇಡಿ.

ಹುಡುಕಲು ಒಂಬತ್ತು ಗುರುತು

ಒಂದು ಭೂತಗನ್ನಡಿ, ಒಂದು ಓರೆ ಬೆಳಕಿನ ಮೇಜುದೀಪ, ಒಂದು ಸ್ಕೇಲು ಸಾಕು. ಮೇಲಿಂದ ನೇರ ಬೀಳುವ ಬೆಳಕಿಗಿಂತ ಪಕ್ಕದಿಂದ ಬೀಳುವ ಬೆಳಕಿನಲ್ಲಿ ಸವೆದ ಗೆರೆಗಳು ಎದ್ದು ಕಾಣುತ್ತವೆ.

1. ಮಣಿಯೋ, ಹಲ್ಲೋ? 1860ರ ಪೆನ್ನಿ ಸಿಕ್ಕರೆ ಅಂಚು ನೋಡಿ. ಸುತ್ತಲೂ ದುಂಡು ಮಣಿ ಪೋಣಿಸಿದಂತಿದೆಯೋ, ಬಾಚಣಿಗೆಯ ಹಲ್ಲಿನಂತೆ ಗೀರುಗಳಿವೆಯೋ? ಆ ವರ್ಷ ಮಣಿ ಅಂಚಿನಿಂದ ಶುರುಮಾಡಿ ಅದೇ ವರ್ಷ ಹಲ್ಲಂಚಿಗೆ ಬದಲಾಯಿಸಿದರು. ಒಂದು ಕಡೆ ಮಣಿ, ಇನ್ನೊಂದು ಕಡೆ ಹಲ್ಲು ಇರುವ ಬೆರಕೆ ನಾಣ್ಯಗಳೂ ಇವೆ, ಅವು ಬಹಳ ಅಪರೂಪ.

2. ನಾಲ್ಕರ ಬಾಲ. 1864ರ 4ರಲ್ಲಿ ಅಡ್ಡಗೆರೆಯ ತುದಿ ನೋಡಿ. ಒಂದು ಬಗೆಯಲ್ಲಿ ತುದಿಗೆ ಪುಟ್ಟ ಲಂಬ ಗೀಟು ಇದೆ, ಇನ್ನೊಂದರಲ್ಲಿ ಇಲ್ಲ. 1864ರ ಪೆನ್ನಿಯೇ ಸುಲಭಕ್ಕೆ ಸಿಗುವುದಲ್ಲ.

3. ವರ್ಷದ ಕೆಳಗೆ ಎಚ್. 1874, 1875, 1876, 1881, 1882ರ ಕೆಲವು ಪೆನ್ನಿಗಳಲ್ಲಿ ವರ್ಷದ ಕೆಳಗೆ ಎಚ್ ಅಕ್ಷರವಿದೆ. ಲಂಡನ್ನಿನ ಟಂಕಸಾಲೆಗೆ ಕೈ ಸಾಲದೆ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಕಂಪನಿಗೆ ಕೆಲಸ ಕೊಟ್ಟದ್ದರ ಗುರುತು ಅದು. 1882ರಲ್ಲಿ ಮಾತ್ರ ಲೆಕ್ಕ ತಲೆಕೆಳಗು: ಎಚ್ ಇರುವುದು ಸಾಮಾನ್ಯ, ಇಲ್ಲದಿರುವುದು ತೀರಾ ಅಪರೂಪ. 'ಎಚ್ ಇಲ್ಲ' ಎಂದು ಕುಣಿಯುವ ಮೊದಲು ಅದು ಸವೆದು ಹೋಗಿದೆಯೇ, ಯಾರಾದರೂ ಉಜ್ಜಿ ತೆಗೆದಿದ್ದಾರೆಯೇ ಎಂದು ನೋಡಬೇಕು. 'ಇಲ್ಲ' ಮತ್ತು 'ಕಾಣಿಸುತ್ತಿಲ್ಲ' ಒಂದೇ ಅಲ್ಲ ಎಂದು ಮಗು ಕಲಿಯಲು ಇದು ಒಳ್ಳೆಯ ಪಾಠ.

4. ತ್ರಿಶೂಲದ ದೂರ. 1895ರ ಪೆನ್ನಿಯಲ್ಲಿ ತ್ರಿಶೂಲಕ್ಕೂ ಪೆನ್ನಿ ಎಂಬ ಪದದ ಮೊದಲಕ್ಷರಕ್ಕೂ ನಡುವೆ ಎಷ್ಟು ಅಂತರ? ಸಾಮಾನ್ಯವಾಗಿ ಸುಮಾರು 1 ಮಿಲಿಮೀಟರ್. 2 ಮಿಲಿಮೀಟರ್ ಇದ್ದರೆ ಅಪರೂಪದ ಬಗೆ. ಸ್ಕೇಲು ಈಗ ಕೆಲಸಕ್ಕೆ ಬಂತು.

5. ಭರತವೋ, ಇಳಿತವೋ? 1902ರ ಪೆನ್ನಿ ಮಕ್ಕಳಿಗೆ ಅಚ್ಚುಮೆಚ್ಚು. ಬ್ರಿಟಾನಿಯಾಳ ಹಿಂದಿನ ಸಮುದ್ರದ ಗೆರೆ ಎಲ್ಲಿ ಅವಳಿಗೆ ತಾಗುತ್ತದೆ ನೋಡಿ. ಕಾಲಿನ ಮೇಲೆ ಕಾಲು ಹಾಯುವ ಮಟ್ಟದಲ್ಲಿದ್ದರೆ ಅದು ಭರತದ ಬಗೆ, ಸಾಮಾನ್ಯ. ಅದಕ್ಕಿಂತ ಕೆಳಗಿದ್ದರೆ ಇಳಿತದ ಬಗೆ, ಕಡಿಮೆ ಸಿಗುವಂಥದ್ದು. ಸಂಗ್ರಾಹಕರೂ ಸಮುದ್ರದ ಏರಿಳಿತದ ಹೆಸರಿನಿಂದಲೇ ಕರೆಯುತ್ತಾರೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಅಜ್ಜಿ ತಾತ ಇದ್ದರೆ ಭರತ, ಇಳಿತ ಅಂದರೇನು ಎಂದು ಅವರಿಂದಲೇ ಕೇಳಿಸಿ.

6. ವರ್ಷದ ಎಡಕ್ಕೆ ಅಕ್ಷರ. 1912, 1918, 1919ರ ಕೆಲವು ಪೆನ್ನಿಗಳಲ್ಲಿ ವರ್ಷದ ಎಡಗಡೆ ಎಚ್ ಇದೆ. ಮತ್ತೆ ಅದೇ ಹೀಟನ್. 1918, 1919ರಲ್ಲಿ ಕೆಲವಕ್ಕೆ ಕೆ ಎನ್ ಎಂಬ ಎರಡಕ್ಷರವಿದೆ, ಅದು ಕಿಂಗ್ಸ್ ನಾರ್ಟನ್ ಮೆಟಲ್ ಕಂಪನಿಯದು. 1912ರದು ಸುಲಭವಾಗಿ ಸಿಗುತ್ತದೆ, ಕೆ ಎನ್ ಕಷ್ಟ.

7. ರಾಜನ ಭೂತ. 1926ಕ್ಕಿಂತ ಹಿಂದಿನ ಐದನೇ ಜಾರ್ಜ್ ಪೆನ್ನಿಯನ್ನು ತಿರುಗಿಸಿ, ಓರೆ ಬೆಳಕಿಗೆ ಹಿಡಿಯಿರಿ. ಎಷ್ಟೋ ನಾಣ್ಯಗಳಲ್ಲಿ ಬ್ರಿಟಾನಿಯಾಳ ಹಿಂದೆ ರಾಜನ ತಲೆಯ ಆಕಾರ ನೆರಳಿನಂತೆ ಕಾಣುತ್ತದೆ. ಮುಖದ ಕಡೆ ಚಿತ್ರ ಬಹಳ ಉಬ್ಬಾಗಿದ್ದುದರಿಂದ ಲೋಹವೆಲ್ಲ ಆ ಕಡೆ ಹರಿದು, ಈ ಕಡೆ ಅದರ ನೆರಳು ಉಳಿಯಿತು. ಸಂಗ್ರಾಹಕರು ಇದನ್ನು ಭೂತ ಅನ್ನುತ್ತಾರೆ. ಭೂತಗನ್ನಡಿಯಲ್ಲಿ ನಿಜವಾಗಿಯೂ ಭೂತ ಕಂಡರೆ ಯಾವ ಮಗು ಸುಮ್ಮನಿದ್ದೀತು! ಈ ತೊಂದರೆ ತಪ್ಪಿಸಲು 1926ರಲ್ಲಿ ರಾಜನ ಚಿತ್ರವನ್ನು ತಿದ್ದಿದರು. ತಿದ್ದಿದ ಚಿತ್ರದಲ್ಲಿ ಕತ್ತಿನ ಮೇಲಿನ ಬಿ ಎಂ ಅಕ್ಷರಗಳು ಕತ್ತಿನ ಹಿಂಭಾಗಕ್ಕೆ ಸರಿದಿವೆ, ನಡುವೆ ಚುಕ್ಕೆಗಳಿಲ್ಲ. 1926ರದೇ ವರ್ಷವಿದ್ದು ತಿದ್ದಿದ ಚಿತ್ರವೂ ಇದ್ದರೆ ಎತ್ತಿಡಿ, ಅದು ಅಪರೂಪದ್ದು.

8. ಒಂಟಿ ಗೆರೆ, ಜೋಡಿ ಗೆರೆ. 1940ರ ಪೆನ್ನಿಯಲ್ಲಿ ವರ್ಷದ ಮೇಲೆ, ಬ್ರಿಟಾನಿಯಾಳ ಪಾದದ ಕೆಳಗಿರುವ ನೆಲದ ಗೆರೆ ಎಣಿಸಿ. ಒಂದೇ ಗೆರೆ ಇರುವುದು ಜೋಡಿ ಗೆರೆಯದಕ್ಕಿಂತ ಕಡಿಮೆ ಸಿಗುತ್ತದೆ.

9. ಬಿರುಕಿನ ಗುರುತು. 1946ರ ಕೆಲವು ಪೆನ್ನಿಗಳಲ್ಲಿ 'ಒನ್' ಎಂಬ ಪದದ ಕೊನೆಯಲ್ಲಿ ಮೇಲ್ಗಡೆ ಪುಟ್ಟ ಗೀರು, ಬರವಣಿಗೆಯ ಉದ್ಧರಣ ಚಿಹ್ನೆಯಂತೆ. ಯಾರೂ ಬೇಕೆಂದು ಹಾಕಿದ್ದಲ್ಲ. ಅಚ್ಚು ಮುಕ್ಕಾದದ್ದು. ಸಕ್ಕರೆ ಆನೆಯ ಮೊಂಡು ಸೊಂಡಿಲು ಇದೇ.

ಇವೆಲ್ಲ ರೂಢಿಯಾದ ಮೇಲೆ ದೊಡ್ಡವರ ಆಟ: ಒಂದು ಅಕ್ಷರದ ಕಾಲು ಅಂಚಿನ ಹಲ್ಲಿಗೆ ನೇರವಾಗಿದೆಯೋ, ಎರಡು ಹಲ್ಲುಗಳ ಸಂದಿಗೆ ನೇರವಾಗಿದೆಯೋ ಎಂದು ನೋಡುವುದು. ಪಳಗಿದ ಸಂಗ್ರಾಹಕರು ಅಚ್ಚುಗಳನ್ನು ಬೇರ್ಪಡಿಸುವುದು ಹೆಚ್ಚಾಗಿ ಹೀಗೇ.

ಎರಡು ನಾಣ್ಯ, ಒಂದು ದೇಶದ ಕಥೆ

ಬೇರೆ ಯಾವುದು ಸಿಗಲಿ ಬಿಡಲಿ, 1948ರದೊಂದು ಮತ್ತು 1949ರದೊಂದು ಪೆನ್ನಿ ನಿಮ್ಮ ಮನೆಯಲ್ಲಿರಲಿ. ಎರಡೂ ಸಾಮಾನ್ಯವಾದವೇ.

ಅಕ್ಕಪಕ್ಕ ಇಟ್ಟು ರಾಜನ ಸುತ್ತಲಿನ ಬರಹ ನೋಡಲು ಹೇಳಿ. 1948ರದರಲ್ಲಿ 'ಇಂಡ್ ಇಂಪ್' ಎಂಬ ಅಕ್ಷರಗಳಿವೆ. 1949ರದರಲ್ಲಿ ಇಲ್ಲ. ಲ್ಯಾಟಿನ್ ಭಾಷೆಯ ಈ ಚುಟುಕು ಬರಹದ ಅರ್ಥ ಭಾರತದ ಚಕ್ರವರ್ತಿ.

ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ದೆಹಲಿಯಲ್ಲಿ ಸಾರಿದ್ದು 1877ರ ಜನವರಿ 1ರಂದು. ಪೆನ್ನಿಯ ಮೇಲೆ ಆ ಬಿರುದು ಬಂದದ್ದು ಮಾತ್ರ 1895ರಲ್ಲಿ, ಮುಸುಕಿನ ರಾಣಿಯೊಂದಿಗೆ. ಅಂದಿನಿಂದ ಲಂಡನ್ನಿನಲ್ಲಿ ಹಾಲು, ಬ್ರೆಡ್ಡು ಕೊಂಡ ಮಕ್ಕಳ ಅಂಗೈಯಲ್ಲೂ ಆ ಅಕ್ಷರಗಳಿದ್ದವು. 1947ರಲ್ಲಿ ಭಾರತ ಸ್ವತಂತ್ರವಾಯಿತು. 1948ರ ಜೂನ್‌ನಲ್ಲಿ ಆರನೇ ಜಾರ್ಜ್ ಆ ಬಿರುದನ್ನು ಬಿಟ್ಟರು. 1949ರ ಪೆನ್ನಿಯಿಂದ ಅದು ಇಲ್ಲವಾಯಿತು.

ಬ್ರಿಟನ್ನಿನ ಶಾಲೆಯಲ್ಲಿ ಓದುವ ನಿಮ್ಮ ಮಗುವಿಗೆ ಸಾಮ್ರಾಜ್ಯದ ಪಾಠ ಎಷ್ಟು ಸಿಗುತ್ತದೋ, ಯಾರ ದನಿಯಲ್ಲಿ ಸಿಗುತ್ತದೋ ನಿಮ್ಮ ಕೈಯಲ್ಲಿಲ್ಲ. ಈ ಎರಡು ನಾಣ್ಯ ನಿಮ್ಮ ಕೈಯಲ್ಲಿವೆ. ದೊಡ್ಡ ಭಾಷಣ ಬೇಡ. 'ಇಲ್ಲೇನಿತ್ತು? ಇಲ್ಲೇನಿಲ್ಲ? ಯಾಕೆ ತೆಗೆದರು?' ಮೂರು ಪ್ರಶ್ನೆ ಸಾಕು. 'ಅಷ್ಟು ಹೊತ್ತಿಗೆ ತಾತ ಹುಟ್ಟಿದ್ರಾ?' ಅಂತ ಮಗುವೇ ಕೇಳುತ್ತದೆ. ಅಲ್ಲಿಂದ ಮುಂದಿನ ಮಾತು ವೀಡಿಯೊ ಕರೆಯಲ್ಲಿ ತಾತನಿಗೆ ಬಿಡಿ. ಅಜ್ಜಿ ತಾತನ ಜೊತೆಗಿನ ಕರೆ 'ಊಟ ಆಯ್ತಾ, ಸ್ಕೂಲ್ ಹೇಗಿದೆ' ಎಂಬಲ್ಲಿಗೆ ನಿಂತುಹೋಗುವ ಮನೆಗಳಿಗೆ ಇದು ಒಂದು ಹೊಸ ದಾರಿ.

ಹನ್ನೆರಡರ ಮಗ್ಗಿ, ಹದಿನಾರಾಣೆ

ಹಳೆಯ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ಅಂದರೆ ಪೌಂಡಿಗೆ 240 ಪೆನ್ನಿ. 1971ರ ಫೆಬ್ರವರಿ 15ರಂದು ಪೌಂಡಿಗೆ 100 ಪೆನ್ಸ್ ಆಯಿತು.

ನಮ್ಮಲ್ಲೂ ಹೀಗೇ ಇತ್ತು. 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ, ಒಟ್ಟು 192 ಪೈ. ರೂಪಾಯಿಗೆ 100 ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಬ್ರಿಟನ್ನಿಗಿಂತ ಸುಮಾರು ಹದಿನಾಲ್ಕು ವರ್ಷ ಮೊದಲು! ಈ ವಿಷಯ ತಿಳಿದ ಮಗು ಶಾಲೆಯಲ್ಲಿ ಕೊಂಚ ಎದೆಯುಬ್ಬಿಸಿ ಹೇಳಿದರೆ ಅಡ್ಡಿಯಿಲ್ಲ.

ಹನ್ನೆರಡರ ಮಗ್ಗಿಯನ್ನು ಕನ್ನಡದಲ್ಲಿ ಹೇಳಿಸಲು ಈ ಲೆಕ್ಕ ಚೆನ್ನ. '30 ಪೆನ್ನಿ ಇದ್ದರೆ ಎಷ್ಟು ಶಿಲಿಂಗ್, ಉಳಿದದ್ದೆಷ್ಟು?' ನಾಲ್ಕಾಣೆ, ಎಂಟಾಣೆ ಎಂಬ ಮಾತು ಪೈಸೆ ಬಂದ ಮೇಲೂ ಎಷ್ಟು ದಿನ ನಮ್ಮ ಬಾಯಲ್ಲಿ ಉಳಿದಿತ್ತು ಎಂದು ನೀವೇ ಹೇಳಬಹುದು. ಕಲಬುರಗಿ, ಬೀದರ್, ರಾಯಚೂರಿನ ಕಡೆಯವರಾದರೆ ನಿಜಾಮರ ಹಾಲಿ ಸಿಕ್ಕಾ ಬಗ್ಗೆ ಮನೆಯ ಹಿರಿಯರನ್ನು ಕೇಳಿ. 'ಹದಿನಾರಾಣೆ ಸತ್ಯ', 'ಕಾಸಿಗೆ ತಕ್ಕ ಕಜ್ಜಾಯ' ಎಂಬ ಮಾತುಗಳಿಗೂ ಈಗ ಮಗುವಿನ ತಲೆಯಲ್ಲಿ ಒಂದು ಚಿತ್ರ ಸಿಗುತ್ತದೆ. ನಾವು ಹಣಕ್ಕೆ ಹೇಳುವ 'ದುಡ್ಡು' ಕೂಡ ಒಂದು ಕಾಲಕ್ಕೆ ತಾಮ್ರದ ನಾಣ್ಯದ ಹೆಸರೇ.

ಅಡುಗೆಮನೆಯ ತಕ್ಕಡಿಯನ್ನೂ ತನ್ನಿ. ಮೂರು ಪೆನ್ನಿಗೆ ಒಂದು ಔನ್ಸ್ ಎಂಬುದು ಹಳೆಯ ಲೆಕ್ಕ, ಸುಮಾರು 28 ಗ್ರಾಂ. ನಿಮ್ಮ ಮೂರು ನಾಣ್ಯ ಅದಕ್ಕಿಂತ ಹಗುರವಾಗಿದ್ದರೆ, ವ್ಯತ್ಯಾಸದ ಲೋಹ ಎಲ್ಲಿ ಹೋಯಿತು? ನೂರು ವರ್ಷ ಜನರ ಜೇಬಿನಲ್ಲಿ, ಬೆರಳುಗಳಲ್ಲಿ ಸವೆದು ಹೋಯಿತು. ಆಯಸ್ಕಾಂತವನ್ನೂ ಹಿಡಿದು ನೋಡಿ. 1992ರ ನಂತರದ ಒಂದು ಪೆನ್ನಿ ಅಂಟಿಕೊಳ್ಳುತ್ತದೆ, ಏಕೆಂದರೆ ಅದು ತಾಮ್ರ ಲೇಪಿಸಿದ ಉಕ್ಕು. ಹಳೆಯದು ಅಂಟುವುದಿಲ್ಲ, ಅದು ಕಂಚು: 1860ರ ಮಿಶ್ರಣದಲ್ಲಿ 95 ಭಾಗ ತಾಮ್ರ, 4 ಭಾಗ ತವರ, 1 ಭಾಗ ಸತು.

ಸಿಗದ ಪೆನ್ನಿಯ ಆಸೆ

ಪೆನ್ನಿ ಅಂದ ಕೂಡಲೇ ಯಾರಾದರೂ 1933ರ ಕಥೆ ಹೇಳಿಯೇ ಹೇಳುತ್ತಾರೆ. ಆ ವರ್ಷ ಬ್ಯಾಂಕುಗಳಲ್ಲಿ ಪೆನ್ನಿ ಬೇಕಾದಷ್ಟಿತ್ತು, ಹೊಸದು ಬೇಕಿರಲಿಲ್ಲ. ಕಟ್ಟಡಗಳ ಅಡಿಗಲ್ಲಿನ ಕೆಳಗೆ ಆ ವರ್ಷದ ನಾಣ್ಯ ಇಡುವ ರೂಢಿಗಾಗಿ ಬೆರಳೆಣಿಕೆಯಷ್ಟು ಮಾತ್ರ ಟಂಕಿಸಿದರು. 1970ರಲ್ಲಿ ಲೀಡ್ಸ್ ಬಳಿಯ ಮಿಡಲ್‌ಟನ್‌ನ ಚರ್ಚೊಂದರ ಅಡಿಗಲ್ಲಿನಿಂದ ಕಳ್ಳರು ಒಂದನ್ನು ಎಗರಿಸಿದರು!

ಮಗುವಿನ ಕಣ್ಣು ಅರಳುತ್ತದೆ, ಅರಳಲಿ. ಆದರೆ ಅಂಗಡಿಯ ಡಬ್ಬಿಯಲ್ಲಿ 1933 ಕಂಡರೆ ಕೊನೆಯ ಅಂಕಿಯನ್ನು ತಿದ್ದಿರುವ ಸಾಧ್ಯತೆಯೇ ಹೆಚ್ಚು ಎಂದೂ ಹೇಳಿ. ಇದಕ್ಕಿಂತ ನ್ಯಾಯವಾದ ಆಸೆಗಳಿವೆ. 1950ರಲ್ಲಿ 2 ಲಕ್ಷದ 40 ಸಾವಿರ, 1951ರಲ್ಲಿ 1 ಲಕ್ಷದ 20 ಸಾವಿರ ಪೆನ್ನಿ ಮಾತ್ರ ಮಾಡಿದರು. ಇದಕ್ಕೆ ಹೋಲಿಸಿದರೆ 1967ರ ಪೆನ್ನಿ 65 ಕೋಟಿಗೂ ಹೆಚ್ಚು. ಅಷ್ಟೂ ಆ ಒಂದೇ ವರ್ಷ ಮಾಡಿದ್ದಲ್ಲ, ಮುಂದಿನ ವರ್ಷಗಳಲ್ಲೂ ಅದೇ 1967ನ್ನು ಒತ್ತುತ್ತಾ ಹೋದರು. ಲಕ್ಷ, ಕೋಟಿ ಎಂಬ ಪದಗಳಿಗೆ ಮಿಲಿಯನ್ ಓದುವ ನಮ್ಮ ಮಕ್ಕಳ ಬಾಯಲ್ಲಿ ಜಾಗ ಸಿಗುವುದು ಇಂಥ ಹೊತ್ತಿನಲ್ಲೇ.

ಹುಣಸೆಹಣ್ಣು ದೂರವಿಡಿ

ಕಪ್ಪಾದ ಕಂಚು ಕಂಡರೆ ನಮ್ಮ ಕೈ ತಾನಾಗಿ ಹುಣಸೆಹಣ್ಣಿನ ಕಡೆಗೆ ಹೋಗುತ್ತದೆ. ದೇವರ ದೀಪಕ್ಕೆ ಅದು ಸರಿ. ನಾಣ್ಯಕ್ಕೆ ಬೇಡವೇ ಬೇಡ. ಹುಳಿ ತಾಗಿದರೆ ಮೇಲ್ಪದರ ಕರಗುತ್ತದೆ, ಸೂಕ್ಷ್ಮ ಗೆರೆಗಳು ಹೋಗುತ್ತವೆ, ಅಸಹಜ ಗುಲಾಬಿ ಬಣ್ಣ ಉಳಿಯುತ್ತದೆ. ಸಂಗ್ರಾಹಕರು ಅಂಥದ್ದನ್ನು ದೂರದಿಂದಲೇ ಗುರುತಿಸುತ್ತಾರೆ. ಇನ್ನೊಂದು ವಿಷಯ, 1944, 1945, 1946ರ ಪೆನ್ನಿಗಳನ್ನು ಟಂಕಸಾಲೆಯಲ್ಲೇ ಕಪ್ಪು ಮಾಡಿ ಹೊರಗೆ ಬಿಟ್ಟಿದ್ದರು. ಆ ಕಪ್ಪು ಕೊಳೆಯಲ್ಲ.

ನಾಣ್ಯವನ್ನು ಅಂಚಿನಿಂದ ಹಿಡಿಯುವುದು, ಕೆಳಗೆ ಮೆತ್ತನೆ ಬಟ್ಟೆ ಹಾಸುವುದು, ಕೆಲಸ ಮುಗಿದ ಮೇಲೆ ಕೈ ತೊಳೆಯುವುದು ಇಷ್ಟು ನಿಯಮ ಸಾಕು. ಇಡಲು ಕಾಗದದ ಪುಟ್ಟ ಲಕೋಟೆ ಒಳ್ಳೆಯದು, ಮೆದು ಪಿವಿಸಿ ಚೀಲಗಳಲ್ಲಿ ಕಾಲಾನಂತರ ಹಸಿರು ಜಿಗುಟು ಬರುತ್ತದೆ. ಎಲ್ಲವನ್ನೂ ಬಾಯಿಗೆ ಹಾಕುವ ಪುಟಾಣಿ ಮನೆಯಲ್ಲಿದ್ದರೆ ಡಬ್ಬಿ ಎತ್ತರದಲ್ಲಿರಲಿ.

ಮಾತು ಹೇಗೆ ನಡೆಸುವುದು?

ವಾರಕ್ಕೆ ಒಂದು ಸಂಜೆ, ಇಪ್ಪತ್ತು ನಿಮಿಷ, ಐದಾರು ನಾಣ್ಯ. ಅದಕ್ಕಿಂತ ಹೆಚ್ಚು ಬೇಡ. ನೀವು ಪರೀಕ್ಷೆ ಮಾಡುವ ಮೇಷ್ಟರಾಗಬೇಡಿ, ಎದುರು ಪಕ್ಷದ ವಕೀಲರಾಗಿ. ಮಗು 'ಇದು ಇಳಿತ' ಎಂದರೆ ಕೂಡಲೇ ಒಪ್ಪಬೇಡಿ.

'ಅಪ್ಪಾ, ಸಮುದ್ರ ಕೆಳಗಿದೆ ನೋಡು.'
'ಎಲ್ಲಿಗಿಂತ ಕೆಳಗೆ?'
'ಕಾಲು ಅಡ್ಡ ಬರತ್ತಲ್ಲ, ಅದಕ್ಕಿಂತ.'
'ಸವೆದಿರೋದಕ್ಕೆ ಹಾಗೆ ಕಾಣ್ತಿರಬಹುದು.'
'ಸವೆದಿದ್ರೆ ಈ ಕಡೆನೂ ಗೆರೆ ಕಾಣ್ತಿರ್ಲಿಲ್ಲ!'

ಆ ಕೊನೆಯ ಸಾಲು ನೋಡಿ. 'ಆಗಿದ್ದರೆ ಹೀಗಿರುತ್ತಿರಲಿಲ್ಲ' ಎಂಬ ವಾಕ್ಯ ಕನ್ನಡದಲ್ಲಿ ತಾನಾಗಿ ಬಂತೆಂದರೆ ಮಗು ಕನ್ನಡದಲ್ಲೇ ಯೋಚಿಸಿದೆ ಎಂದರ್ಥ. ನಡುವೆ ಇಂಗ್ಲಿಷ್ ಪದ ನುಸುಳಿದರೆ ತಡೆದು ತಿದ್ದಬೇಡಿ. ನಿಮ್ಮ ಮುಂದಿನ ಮಾತಿನಲ್ಲಿ ಕನ್ನಡ ಪದ ಬಳಸಿ, ಅದು ತಾನಾಗಿ ಹತ್ತುತ್ತದೆ. ನಿಮಗೇ ಪದ ಹೊಳೆಯದಿದ್ದರೆ ಇಬ್ಬರೂ ಕೂಡಿ ಒಂದು ಹೆಸರು ಕಟ್ಟಿ. ಬಹುಶಃ ಈ ಜಗತ್ತಿನಲ್ಲಿ ಆ ನಾಣ್ಯಕ್ಕೆ ಮೊದಲ ಕನ್ನಡ ಹೆಸರು ಇಟ್ಟವರು ನೀವಿಬ್ಬರೇ ಆಗಿರುತ್ತೀರಿ. ಅಕ್ಷರ ಬರುವ ಮಗುವಾದರೆ ಲಕೋಟೆಯ ಮೇಲೆ ಒಂದೇ ಸಾಲು ಕನ್ನಡದಲ್ಲಿ ಬರೆಯಲಿ: '1918, ಎಡಕ್ಕೆ ಎಚ್ ಇದೆ, ಸವೆದಿದೆ.' ಅಕ್ಕ ತಮ್ಮ ಇಬ್ಬರಿದ್ದರೆ ಒಬ್ಬರು ವಾದಿ, ಒಬ್ಬರು ಪ್ರತಿವಾದಿ, ನೀವು ನ್ಯಾಯಾಧೀಶರು.

ಲಂಡನ್ನಿಗೆ ಹೋದರೆ ಬ್ರಿಟಿಷ್ ಮ್ಯೂಸಿಯಂನ 68ನೇ ಕೊಠಡಿಯಲ್ಲಿರುವ ಹಣದ ಗ್ಯಾಲರಿ ನೋಡಿ ಬನ್ನಿ, ಪ್ರವೇಶ ಉಚಿತ. ವೇಲ್ಸ್ ಕಡೆ ಹೋದರೆ ಲ್ಯಾಂಟ್ರಿಸೆಂಟ್‌ನಲ್ಲಿ ಈಗಿನ ಟಂಕಸಾಲೆಯೇ ಇದೆ.

ಬ್ರಿಟನ್ನಿನ ಹೊರಗಿದ್ದೀರಾ? ಆಟ ಅದೇ, ನಾಣ್ಯ ಬೇರೆ. ಆಸ್ಟ್ರೇಲಿಯಾದಲ್ಲಿ 1911ರಿಂದ 1964ರವರೆಗಿನ ಅವರದೇ ಪೆನ್ನಿಗಳಿವೆ. ಅಮೆರಿಕದ ಲಿಂಕನ್ ಸೆಂಟ್‌ನಲ್ಲಿ ವರ್ಷದ ಕೆಳಗೆ ಡಿ ಇದ್ದರೆ ಡೆನ್ವರ್, ಎಸ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ. ಯಾವ ದೇಶದಲ್ಲಿದ್ದರೂ, ಊರಿಂದ ಬರುವಾಗ ಪರ್ಸಿನ ಮೂಲೆಯಲ್ಲಿ ಉಳಿದ ರೂಪಾಯಿ ಚಿಲ್ಲರೆ ನಿಮ್ಮಲ್ಲಿ ಇದ್ದೇ ಇರುತ್ತದೆ. ಅವುಗಳ ವರ್ಷದ ಕೆಳಗೆ ನೋಡಿ: ವಜ್ರದ ಆಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ.

ಪೆನ್ನಿ ಡಬ್ಬಿ ಸಿಗುವವರೆಗೆ ಕಾಯುವುದು ಬೇಡ. ಇವತ್ತು ರಾತ್ರಿ ಊಟದ ನಂತರ ಆ ಚಿಲ್ಲರೆಯನ್ನೇ ಮೇಜಿನ ಮೇಲೆ ಸುರಿದು ಕೇಳಿ ನೋಡಿ: 'ಇದರಲ್ಲಿ ಹೈದರಾಬಾದಿಂದ ಬಂದದ್ದು ಯಾವುದು? ಹೇಗೆ ಗೊತ್ತಾಯ್ತು?'